ಎರಡನೇ ಗುಂಡಿನ ಆಸೆ

ಆಳಂದ ತಾಲ್ಲೂಕಿನ ಖಜೂರಿ ನಮ್ಮ ಕಡೆಯ ಗಡಿ ಊರು. ಮುಂದೆ ಮಹಾರಾಷ್ಟ್ರ. ಚುನಾವಣೆ ಬಂತೆಂದರೆ ಇಲ್ಲಿಯ ಚೆಕ್‌ಪೋಸ್ಟಿನಲ್ಲಿ ಹಗಲೂ ರಾತ್ರಿ ಪೊಲೀಸರ ಕಾವಲು. ಕಳೆದ ಚುನಾವಣೆಯ ಹೊತ್ತಿಗೆ ನನ್ನ ಬಂದೂಕನ್ನು ಎಲ್ಲ ಲೈಸನ್ಸುದಾರರಂತೆ ಠಾಣೆಗೆ ಜಮಾ ಮಾಡಿ, ರಸೀದಿ ಕಿಸೆಯಲ್ಲಿಟ್ಟುಕೊಂಡು ಬರುವಾಗ ಅಲ್ಲಿ ಚಹಾಕ್ಕೆ ನಿಂತಿದ್ದೆ. ಪಕ್ಕದಲ್ಲಿದ್ದ ತರುಣ ರೈತನೊಬ್ಬ ಕಾನ್‌ಸ್ಟೆಬಲ್ ಹೆಗಲ ಮೇಲಿದ್ದ ಎಸ್‌ಎಲ್‌ಆರ್ ಕಡೆ ಕಣ್ಣು ಮಾಡಿ ಕೇಳಿದ: "ಕಾಕಾ, ಇಂಥಾದ್ದೊಂದು ನಮಗ ಕೊಟ್ರ ಹಂದಿ ಕಾಟ ಒಂದೇ ರಾತ್ರಿಗಿ ಮುಗಿತದಲ್ರಿ?"

ಅವನ ಸಂಕಟ ನನಗೆ ಗೊತ್ತು. ಕಾಯಿ ಕಟ್ಟಿದ ತೊಗರಿಯಲ್ಲಿ ಹಂದಿ ಹಿಂಡು ಒಂದು ರಾತ್ರಿ ಹೊಕ್ಕರೆ ಬೆಳಿಗ್ಗೆ ಹೊಲ ನೋಡಲು ಮನಸ್ಸು ಬರುವುದಿಲ್ಲ. ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲವಾದ್ದರಿಂದ ಈ ವಾರದ ಅಂಕಣ ಅವನಿಗೇ ಮೀಸಲು.

ಮೊದಲು ಅವನ ಕಣ್ಣಿಗೆ ಬಿದ್ದ ಬಂದೂಕಿನ ಮಾತು. ಎಸ್‌ಎಲ್‌ಆರ್ ಎಂದರೆ ಸೆಲ್ಫ್ ಲೋಡಿಂಗ್ ರೈಫಲ್, ತನ್ನ ತೋಟಾ ತಾನೇ ತುಂಬಿಕೊಳ್ಳುವ ರೈಫಲ್. ಟ್ರಿಗರ್ ಒತ್ತಿದಾಗ ಗುಂಡು ನಳಿಗೆಯಲ್ಲಿ ಮುಂದಕ್ಕೆ ಓಡುತ್ತದೆ. ಅದನ್ನು ಅಟ್ಟಿಕೊಂಡು ಹೋಗುವ ಮದ್ದಿನ ಬಿಸಿ ಗಾಳಿಯಲ್ಲಿ ಒಂದಿಷ್ಟು ನಳಿಗೆಯ ಮೇಲಿನ ಸಣ್ಣ ತೂತಿನಿಂದ ನುಗ್ಗಿ ಪಿಸ್ಟನ್ನಿಗೆ ಗುದ್ದುತ್ತದೆ. ಪಿಸ್ಟನ್ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ಕೇಸು ಹೊರಗೆ ಚಿಮ್ಮುತ್ತದೆ, ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ದಬ್ಬುವಾಗ ಮ್ಯಾಗಝೀನಿನ ಮುಂದಿನ ತೋಟಾ ಒಳಗೆ ಸೇರುತ್ತದೆ. ಕಣ್ಣು ಪಿಳುಕಿಸುವುದರೊಳಗೆ ಇಷ್ಟೂ ಮುಗಿದಿರುತ್ತದೆ. ಒಂದು ಸಲ ಒತ್ತಿದರೆ ಒಂದೇ ಗುಂಡು, ಆದರೆ ಮುಂದಿನದಕ್ಕೆ ಕೈ ಆಡಿಸಬೇಕಿಲ್ಲ. ಅರೆ ಸ್ವಯಂಚಾಲಿತ ಎನ್ನುವುದು ಇದಕ್ಕೇ. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ದ್ಯೂದೊನೆ ಸೇವ್ ರೂಪಿಸಿದ ಈ ವಿನ್ಯಾಸವನ್ನು ನಮ್ಮ ಇಶಾಪುರ ರೈಫಲ್ ಕಾರ್ಖಾನೆ 1960ರ ದಶಕದಿಂದ ತಯಾರಿಸಿತು. 20 ಗುಂಡಿನ ಮ್ಯಾಗಝೀನು. ಇನ್ಸಾಸ್ ರೈಫಲ್ ಬರುವವರೆಗೂ ನಮ್ಮ ಸೈನಿಕರ ಹೆಗಲೇರಿದ್ದು ಇದೇ. ಯಂತ್ರವಾಗಿ ನೋಡಿದರೆ ಇದು ಚೆಂದದ ಕೆಲಸ. ನಾನು ಎಷ್ಟು ಸಲ ನೋಡಿದರೂ ದಣಿದಿಲ್ಲ.

ಇಂಥ ಸೇನಾ ಬಂದೂಕುಗಳು ಬೇರೆ ದೇಶಗಳಲ್ಲಿ ಬೇಟೆಗಾರರ ಕೈಗೂ ಬಂದಿವೆ. ಅಮೆರಿಕದ ಕೋಲ್ಟ್ ಕಂಪನಿ 1964ರಲ್ಲಿ ಎಆರ್-15 ರೈಫಲಿನ ಅರೆ ಸ್ವಯಂಚಾಲಿತ ರೂಪವನ್ನು ಸ್ಪೋರ್ಟರ್ ಎಂಬ ಹೆಸರಿನಲ್ಲಿ ನಾಗರಿಕರಿಗೆ ಮಾರಿತು. ರಷ್ಯಾದಲ್ಲಿ ಕಲಾಶ್ನಿಕೋವ್‌ನಿಂದ ಸೈಗಾ ಹುಟ್ಟಿತು. ಹುಲ್ಲುಗಾವಲಿನ ಒಂದು ಜಾತಿಯ ಚಿಗರಿಯ ಹೆಸರು ಅದು. ದ್ರಾಗುನೋವ್ ರೈಫಲಿನಿಂದ ಹುಲಿ ಎಂಬ ಅರ್ಥದ ತಿಗ್ರ್ ಬಂತು. ಜರ್ಮನಿಯ ಹೆಕ್ಲರ್ ಕೋಖ್ ಕಂಪನಿ ತನ್ನ ಜಿ3 ಸೇನಾ ರೈಫಲಿನ ಬೋಲ್ಟಿಗೆ ಒಳ್ಳೆಯ ಮರದ ಹಿಡಿ ತೊಡಿಸಿ 770 ಎಂಬ ಬೇಟೆ ರೈಫಲ್ ಮಾಡಿತು. ಯುರೋಪಿನಲ್ಲಿ ನಾಯಿ ಬಿಟ್ಟು, ಜನರನ್ನು ಕೂಗಿಸಿ ಹಂದಿಗಳನ್ನು ಎಬ್ಬಿಸುವ ಬೇಟೆಯುಂಟು. ಓಡುವ ಹಂದಿಗೆ ಮೊದಲ ಗುಂಡು ಅರೆಬರೆ ತಾಗಿದರೆ ಅದು ನರಳದಂತೆ ಬೇಗ ಮುಗಿಸಲು ಎರಡನೇ ಗುಂಡು ಬೇಕೆನ್ನುವುದು ಅಲ್ಲಿಯವರ ವಾದ. ವಾದ ಸುಳ್ಳಲ್ಲ. ಆದರೂ ಅಂಥ ಬಂದೂಕಿನಲ್ಲಿ ಒಟ್ಟು 3ಕ್ಕಿಂತ ಹೆಚ್ಚು ತೋಟಾ ತುಂಬಿ ಬೇಟೆಯಾಡಬಾರದೆಂದು ಜರ್ಮನಿಯ ಬೇಟೆ ಕಾಯ್ದೆಯೇ ಹೇಳುತ್ತದೆ. ಸೈನಿಕನಿಗೆ 20 ಬೇಕಾದದ್ದು ಬೇಟೆಗಾರನಿಗೆ 3 ಸಾಕು. ಆಸ್ಟ್ರೇಲಿಯಾ 1996ರಲ್ಲಿ, ನ್ಯೂಜಿಲೆಂಡ್ 2019ರಲ್ಲಿ ಸಾಮೂಹಿಕ ಕೊಲೆಗಳ ದುಃಖ ಉಂಡ ಮೇಲೆ ಅರೆ ಸ್ವಯಂಚಾಲಿತ ಬಂದೂಕುಗಳ ಮೇಲೆ ಕಟ್ಟುನಿಟ್ಟಿನ ನಿರ್ಬಂಧ ತಂದವು.

ನಮ್ಮ ದೇಶದ ಕಥೆ ಬೇರೆ. ಆಳುವವರು ನಮ್ಮ ಕೈಯ ಬಂದೂಕಿಗೆ ಹೆದರಿದ್ದರಿಂದ ಅದು ಶುರುವಾಗುತ್ತದೆ. 1857ರಲ್ಲಿ ಆಯುಧ ಒಪ್ಪಿಸಿರೆಂಬ ಕಾಯ್ದೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ದಂಗೆ ಎದ್ದದ್ದನ್ನು ನಮ್ಮ ಲಾವಣಿಕಾರರು ಇಂದಿಗೂ ಹಾಡುತ್ತಾರೆ. 1878ರ ಕಾಯ್ದೆ ಬಂದೂಕಿಗೆ ಲೈಸನ್ಸು ತಂದಿತು. ಆಮೇಲೆ ಇನ್ನೊಂದು ಭಯ ಹುಟ್ಟಿತು: ಸೇನೆಯ ಉಗ್ರಾಣದಿಂದ ಕದ್ದ ತೋಟಾ ಜನರ ಬಂದೂಕಿಗೆ ಹೊಂದಿಕೊಂಡರೆ ಗತಿ ಏನು? ಹಾಗಾಗಿ ಸೇನೆಯ .303 ತೋಟಾ ಹಾರಿಸುವ ರೈಫಲ್ ನಾಗರಿಕರಿಗೆ ನಿಷಿದ್ಧವಾಯಿತು. ಸ್ವಾತಂತ್ರ್ಯ ಬಂದರೂ ಆ ಗೆರೆ ಅಳಿಸಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಅದನ್ನು ಉಳಿಸಿಕೊಂಡಿತು. 2016ರ ನಿಯಮಗಳಲ್ಲಿ ಅರೆ ಸ್ವಯಂಚಾಲಿತ ರೈಫಲುಗಳೂ .303 ಮತ್ತು 7.62 ಸೇನಾ ತೋಟಾ ಹಾರಿಸುವ ರೈಫಲುಗಳೂ ನಿರ್ಬಂಧಿತ ವರ್ಗದಲ್ಲೇ ಇವೆ. ಜಿಲ್ಲಾಧಿಕಾರಿ ಕೊಡುವ ಸಾಮಾನ್ಯ ಲೈಸನ್ಸಿಗೆ ಅವು ಬರುವುದಿಲ್ಲ. ತಲೆಮಾರುಗಳಿಂದ ಲೈಸನ್ಸಿನ ವಿನಾಯಿತಿ ಇರುವ ಕೊಡವರ ಮನೆಯಲ್ಲೂ ಕೈಲ್‌ಪೋದು ಹಬ್ಬದ ದಿನ ಪೂಜೆಗೆ ಕೂರುವುದು ಎಸ್‌ಎಲ್‌ಆರ್ ಅಲ್ಲ.

ಹಾಗಾದರೆ ಸೇನೆಯ ವಿನ್ಯಾಸ ನಮ್ಮ ಹೊಲಕ್ಕೆ ಬರಲೇ ಇಲ್ಲವೇ? ಬಂದಿದೆ, ವೇಷ ಮರೆಸಿಕೊಂಡು. ಅದೇ ಇಶಾಪುರದಲ್ಲಿ ತಯಾರಾಗುವ .315 ಸ್ಪೋರ್ಟಿಂಗ್ ರೈಫಲ್. ಎನ್‌ಸಿಸಿಯಲ್ಲಿದ್ದ ಹಿರಿಯರು ಇದರ ಬೋಲ್ಟ್ ಮುಟ್ಟಿದ ಕೂಡಲೇ ಗುರುತು ಹಿಡಿಯುತ್ತಾರೆ: ಇದು ತ್ರೀ ನಾಟ್ ತ್ರೀಯ ಬೋಲ್ಟ್. ಎರಡು ಮಹಾಯುದ್ಧಗಳಲ್ಲಿ ಕೆಲಸ ಮಾಡಿದ ಲೀ ಎನ್‌ಫೀಲ್ಡ್. ತೋಟಾ ಮಾತ್ರ ಬೇರೆ. .315 ಇಂಚೆಂದರೆ 8 ಮಿಲಿಮೀಟರು. ಒಂದು ಕಾಲಕ್ಕೆ ಆಸ್ಟ್ರಿಯಾ-ಹಂಗೇರಿಯ ಸೇನೆ ಬಳಸಿದ ಮ್ಯಾನ್ಲಿಷರ್ ತೋಟಾ ಅದು. ಇಂಗ್ಲೆಂಡಿನ ಸೈನಿಕನ ಬೋಲ್ಟು, ಆಸ್ಟ್ರಿಯಾದ ಸೈನಿಕನ ತೋಟಾ, ಬಂಗಾಳದ ಕಾರ್ಖಾನೆ, ಕಾವಲಿಗೆ ಆಳಂದದ ತೊಗರಿ ಹೊಲ. ಈ ಬಂದೂಕನ್ನು ಎಣ್ಣೆ ಬಟ್ಟೆಯಿಂದ ಒರೆಸುವಾಗಲೆಲ್ಲ ನನಗೆ ಈ ನಂಟು ನೆನಪಾಗುತ್ತದೆ.

ಬೋಲ್ಟಿನ ಹಿಡಿ ಎತ್ತಿ ಎಳೆದರೆ ಬೆಣ್ಣೆಯ ಹಾಗೆ ಹಿಂದೆ ಬರುತ್ತದೆ. ಮುಂದೆ ತಳ್ಳುವಾಗ ಕೊನೆಯ ಒಂದಂಗುಲದಲ್ಲಿ ಸ್ಪ್ರಿಂಗು ಅಂಗೈಗೆ ಎದುರು ನಿಲ್ಲುತ್ತದೆ. ಕುದುರೆ ಏರುವುದು ಅಲ್ಲಿ. ಆ ಎದುರೊತ್ತನ್ನು ದಾಟಿ ಹಿಡಿ ಕೆಳಗಿಳಿಸಿದ ಮೇಲೆಯೇ ಬಂದೂಕು ಸಿದ್ಧ. ಈ ನಡುವಿನ ಹೊತ್ತು ಎಷ್ಟು? ಕೈ ಪಳಗಿದವನಿಗೆ ಒಂದೆರಡು ಉಸಿರು. ಆ ಹೊತ್ತಿನಲ್ಲಿ ಮನುಷ್ಯ ಇನ್ನೊಮ್ಮೆ ನೋಡುತ್ತಾನೆ. ಈ ಬಂದೂಕಿನ ದೊಡ್ಡಗುಣ ಅದೇ ಎಂದು ನನ್ನ ಎಣಿಕೆ.

ತೇಜಸ್ವಿಯವರ ಕನ್ನಡದಲ್ಲಿ ಬೇಟೆಗಾರರಾದ ಕಾರ್ಬೆಟ್, ಆಂಡರ್ಸನ್ ಅವರನ್ನು ಓದಿ ಬೆಳೆದವರು ಒಂದು ಸಂಗತಿ ಗಮನಿಸಿರಬಹುದು. ಕಾರ್ಬೆಟ್ ಕೈಯ .275 ರಿಗ್ಬಿ ಮೌಸರ್ ಸೇನಾ ಬೋಲ್ಟಿನದು, ಅದರ ತೋಟಾವೂ ಮೌಸರಿನ 7 ಮಿ.ಮೀ. ಸೇನಾ ತೋಟಾವೇ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ನನ .405 ವಿಂಚೆಸ್ಟರ್ 1895ರ ಮಾದರಿಯದು; ಅದರ ಅಣ್ಣತಮ್ಮಂದಿರನ್ನು ಮೊದಲ ಮಹಾಯುದ್ಧದಲ್ಲಿ ರಷ್ಯಾ ಸುಮಾರು 3 ಲಕ್ಷ ಕೊಂಡಿತ್ತು. ಎರಡರಲ್ಲೂ ಪ್ರತಿ ಗುಂಡಿಗೂ ಕೈ ಆಡಿಸಲೇಬೇಕು. ನರಭಕ್ಷಕಗಳೆದುರು ಸಾಕಾದ ಬಂದೂಕುಗಳು ಅವು. ಸೇನೆಯಿಂದ ಬೇಟೆಗಾರ ಎತ್ತಿಕೊಂಡದ್ದು ವೇಗವನ್ನಲ್ಲ. ಮಳೆ, ಕೆಸರು, ಧೂಳಿನಲ್ಲೂ ಕೈ ಕೊಡದ ನಂಬಿಕೆಯನ್ನು.

ನನ್ನ .315 ಮೊದಲು ಸೋದರಮಾವನದು. ಸೇನೆಯಲ್ಲಿ ಎಸ್‌ಎಲ್‌ಆರ್ ಹೊತ್ತವರು ಅವರು. ನಾನು ತರುಣನಾಗಿದ್ದಾಗ ನಾನೂ ಚೆಕ್‌ಪೋಸ್ಟಿನ ಹುಡುಗನ ಪ್ರಶ್ನೆಯನ್ನೇ ಅವರಿಗೆ ಕೇಳಿದ್ದೆ. "ಎರಡನೇ ಗುಂಡು ಅದಾ ಅಂತ ಧೈರ್ಯ ಮಾಡಿದಂವ ಮೊದಲನೇದು ಸರಿ ಹೊಡಿಯಲ್ಲೋ ಅಳಿಯಾ" ಎಂದಿದ್ದರು. ಮಾತು ಅರ್ಥವಾದದ್ದು ಆ ವರ್ಷದ ಒಂದು ರಾತ್ರಿ. ಹಂದಿ ಹೊಡೆಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಅವರ ಕಿಸೆಯಲ್ಲಿತ್ತು. 1972ರ ವನ್ಯಜೀವಿ ಕಾಯ್ದೆಯ 11ನೆಯ ಕಲಂ ಅಷ್ಟಕ್ಕೇ ಅವಕಾಶ ಕೊಡುತ್ತದೆ. ಹೊಲದ ಅಟ್ಟಣಿಗೆಯ ಮೇಲೆ ಕೂತಿದ್ದೆವು. ನಡುರಾತ್ರಿ ತೊಗರಿ ಗಿಡಗಳು ಗಾಳಿಯಿಲ್ಲದೆ ಅಲುಗಾಡಿದವು. ಕಾಯಿ ಮುರಿಯುವ ಚಟಚಟ ಸದ್ದು. ಬೆಳದಿಂಗಳಲ್ಲಿ ದೊಡ್ಡ ಹಂದಿಯೊಂದು ಸಾಲಿನಿಂದ ಹೊರಬಂದು ಅಡ್ಡಲಾಗಿ ನಿಂತಿತು. ಮಾಮ ಬಂದೂಕು ಹೆಗಲಿಗೇರಿಸಿದರು. ನಾನು ಉಸಿರು ಬಿಗಿಹಿಡಿದೆ.

ಅವರು ಹೊಡೆಯಲಿಲ್ಲ. ಬಂದೂಕು ಇಳಿಸಿ ಬೆರಳು ತೋರಿಸಿದರು. ಹಂದಿಯ ಆಚೆ, ದೂರದಲ್ಲಿ, ಹೊಲ ಕಾಯಲು ಬಂದವರ ಗುಡಿಸಿಲಿನ ಕಂದೀಲು ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು. ಸುಮ್ಮನೆ ಚಪ್ಪಾಳೆ ತಟ್ಟಿ ಕೂಗಿದರು. ಹಂದಿಗಳು ಓಡಿದವು. ಬೆಳಿಗ್ಗೆ ನಾಲ್ಕು ಸಾಲು ತೊಗರಿ ನೆಲಕ್ಕೆ ಹಾಸಿತ್ತು. ಮ್ಯಾಗಝೀನು ಬಿಚ್ಚಿ ಮಾಮ ತೋಟಾ ಎಣಿಸಿದರು: ಐದಕ್ಕೆ ಐದು.

ನಮ್ಮ ಎರೆಭೂಮಿಗೆ ಗುಡ್ಡದ ಆಸರೆಯಿಲ್ಲ. ಕಣ್ಣು ಹರಿಯುವವರೆಗೆ ಸಪಾಟು. ಗುರಿ ತಪ್ಪಿದ ರೈಫಲ್ ಗುಂಡು ಒಂದೆರಡು ಹೊಲ ದಾಟಿ ನಿಲ್ಲುವುದಿಲ್ಲ, ಕಿಲೋಮೀಟರುಗಟ್ಟಲೆ ಹೋಗುತ್ತದೆ. ದಾರಿಯಲ್ಲಿ ನೀರು ಬಿಡಲು ಬಂದವನಿರಬಹುದು, ದನದ ಕೊಟ್ಟಿಗೆಯಿರಬಹುದು, ಹೊಡೆದರೆ ಜೈಲು ಕಾಣಿಸುವ ಚಿಗರಿಯಿರಬಹುದು. ಅಟ್ಟಣಿಗೆ ಹಾಕುವುದೂ ಇದಕ್ಕೇ: ಮೇಲಿನಿಂದ ಕೆಳಕ್ಕೆ ಹೊಡೆದರೆ ತಪ್ಪಿದ ಗುಂಡನ್ನು ನೆಲ ನುಂಗುತ್ತದೆ. ಹಂದಿ ದೂರ ನಿಂತಷ್ಟೂ ಆ ಇಳಿಜಾರು ಕಡಿಮೆ, ಅಪಾಯ ಹೆಚ್ಚು. ಒಂದು ಗುಂಡಿಗೇ ಇಷ್ಟು ಲೆಕ್ಕ ಹಾಕಬೇಕಾದ ನೆಲದಲ್ಲಿ, ಕತ್ತಲಲ್ಲಿ, ಗಾಬರಿಯಲ್ಲಿ ಒಂದರ ಹಿಂದೊಂದು ಹಾರುವ 20 ಗುಂಡುಗಳ ಲೆಕ್ಕ ಯಾರು ಇಡಬೇಕು?

ಆದ್ದರಿಂದ ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು: ಆ ಬಂದೂಕು ಬಂದರೂ ಹಂದಿ ಕಾಟ ಒಂದೇ ರಾತ್ರಿಗೆ ಮುಗಿಯುವುದಿಲ್ಲ, ಓಡಿದ ಹಿಂಡು ಮರುವಾರ ಬರುತ್ತದೆ. ಬೆಳೆ ಹಾನಿಗೆ ಅರ್ಜಿ ಹಾಕು, ಅನುಮತಿ ಕೇಳು, ಅಕ್ಕಪಕ್ಕದವರು ಸೇರಿ ಪಾಳಿ ಹಾಕಿ ಹೊಲ ಕಾಯಿರಿ. ಬಂದೂಕು ಕಲಿಯುವ ಆಸೆಯಿದ್ದರೆ ನಮ್ಮ ಹೊಲಕ್ಕೆ ಬಾ. ಚುನಾವಣೆ ಮುಗಿದು ಠಾಣೆಯಿಂದ .315 ಮನೆಗೆ ಬಂದಿದೆ. ಮೊದಲ ದಿನ ತೋಟಾ ಕೊಡುವುದಿಲ್ಲ. ರಾತ್ರಿ ಅಟ್ಟಣಿಗೆಯ ಮೇಲೆ ಕೂತು, ಸುತ್ತ ಎಲ್ಲೆಲ್ಲಿ ದೀಪ ಉರಿಯುತ್ತಿದೆ ಎಂದು ಎಣಿಸಿ ನನಗೆ ಹೇಳಬೇಕು.