ಕಾರು ನಮ್ದು, ಕೀಲಿಕೈ ಯಾರ್ದು?

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ಲೈಟು ಹತ್ತಿದರೆ ಬೆಂಗಳೂರಿನಲ್ಲಿ ಅದೊಂದು ಕಿರಿಕಿರಿ, ಅಷ್ಟೇ. ಆ್ಯಪ್‌ನಲ್ಲಿ ಸರ್ವೀಸ್ ಬುಕ್ ಮಾಡಿ ಕ್ಯಾಬ್ ಹತ್ತುತ್ತೇವೆ. ಹೂವಿನಹಡಗಲಿಯಿಂದ ಮಲ್ಲಿಗೆ ಹೊತ್ತು ಹೊರಟ ಗಾಡಿಯಲ್ಲಿ ಅದೇ ಲೈಟು ಹತ್ತಿದರೆ ಹೂವಿನ ಜೊತೆ ಆ ದಿನದ ದುಡಿಮೆಯೂ ಬಾಡುತ್ತೆ.

ಹಾಗಂತ ನಮ್ ಕಡೆ ರಿಪೇರಿ ಗೊತ್ತಿರೋರಿಗೆ ಬರ ಇಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲೇ ಹೋದರೂ ಇಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಗಳಿದ್ದಾರೆ. ಆದರೆ ಈಗಿನ ಕಾರು ತನ್ನ ನೋವನ್ನು ಕೋಡ್‌ನಲ್ಲಿ ಹೇಳುತ್ತೆ. ಅಂಗಡಿಯಲ್ಲಿ ಸಿಗುವ ಸ್ಕ್ಯಾನರ್‌ಗೆ ಮಾಮೂಲಿ ಕೋಡ್‌ಗಳು ಕಾಣುತ್ತವೆ. ಇಸಿಯು ಬದಲಿಸಿ ಪ್ರೋಗ್ರಾಂ ಮಾಡಬೇಕು ಅಂದರೆ ಎಷ್ಟೋ ಮಾಡೆಲ್‌ಗಳಿಗೆ ಕಂಪನಿಯ ಸಾಫ್ಟ್‌ವೇರೇ ಬೇಕು. ಆಗ ಗಾಡಿಯನ್ನ ಹೊಸಪೇಟೆಗೋ ದಾವಣಗೆರೆಗೋ ಎಳಕೊಂಡು ಹೋಗಬೇಕು. ಮೇಸ್ತ್ರಿಯ ಕೈ ಕಟ್ಟಿದ್ದು ಆತನ ಅಜ್ಞಾನ ಅಲ್ಲ, ಒಂದು ಲಾಗಿನ್.

ಇದು ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲೇ ಹೇಳಿತ್ತು. ಬಿಡಿಭಾಗ, ಪರೀಕ್ಷಾ ಉಪಕರಣ, ರಿಪೇರಿ ಕೈಪಿಡಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಅನ್ನುವ ಷರತ್ತನ್ನೂ ಹಾಕಬಾರದು ಅಂದಿತು. ಕಂಪನಿಗಳು ಕೋರ್ಟಿನ ಮೆಟ್ಟಿಲೇರಿದವು.

ಆಮೇಲೆ 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತಂತು. ಕಾರು, ಮೊಬೈಲು, ಕೃಷಿ ಯಂತ್ರ ಎಲ್ಲವೂ ಅದರಲ್ಲಿವೆ. ನನ್ನ ತಕರಾರು ಇರೋದೇ ಇಲ್ಲಿ. ಪೋರ್ಟಲ್ ಮಾಹಿತಿ ಕೊಡುತ್ತೆ, ಹಕ್ಕು ಕೊಡಲ್ಲ. ಸರ್ವೀಸ್ ಸೆಂಟರ್‌ನ ವಿಳಾಸ ಕೊಟ್ಟರೆ ಕೊಟ್ಟೂರಿನ ಮೇಸ್ತ್ರಿಗೆ ಏನು ಬಂತು? ಆತನಿಗೆ ಬೇಕಿರೋದು ಆ ಸಾಫ್ಟ್‌ವೇರು, ಕೊಡಬಹುದಾದ ಬೆಲೆಗೆ. ಯುರೋಪ್ ಒಕ್ಕೂಟ 2007ರ ಕಾನೂನಿನಲ್ಲೇ ಹೊರಗಿನ ಗ್ಯಾರೇಜುಗಳಿಗೂ ರಿಪೇರಿ ಮಾಹಿತಿ ಕೊಡಲೇಬೇಕು ಅಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲಿ ಜನ ಓಟು ಹಾಕಿಯೇ ಈ ಹಕ್ಕು ಪಡೆದರು.

“ಬ್ರೇಕು, ಏರ್‌ಬ್ಯಾಗು ಯಾರ್ ಯಾರೋ ಮುಟ್ಟಿದ್ರೆ ಜೀವಕ್ಕೆ ಅಪಾಯ” ಅನ್ನೋ ಮಾತಿದೆ. ಭಯ ಸುಳ್ಳಲ್ಲ. ಆದರೆ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೆ ಗೊತ್ತು, ಸೆಕ್ಯುರಿಟಿ ಅಂದರೆ ಬಾಗಿಲಿಗೆ ಬೀಗ ಜಡಿದು ಕೂರೋದಲ್ಲ. ಯಾರು ಬಂದ್ರು, ಏನು ಬದಲಿಸಿದ್ರು ಅಂತ ದಾಖಲೆ ಇಡೋದು. ತರಬೇತಿ ಕೊಡಿ, ಗುರುತು ಪರಿಶೀಲಿಸಿ, ಲಾಗ್ ಇಡಿ. ನಾವು ದಿನಾ ನಮ್ಮ ಸರ್ವರ್‌ಗಳಿಗೆ ಮಾಡೋದು ಇದನ್ನೇ. ಮೇಲಾಗಿ, ಹೆದ್ದಾರಿಯಲ್ಲಿ ರಿಪೇರಿ ಸಿಗದೆ ಹಾಗೇ ಓಡಿಸಿದ ಗಾಡಿಯೂ ಅಪಾಯವೇ.

ಷೋರೂಮಿಗೆ ಹೋದಾಗ ಮೈಲೇಜು ಕೇಳ್ತೀವಿ, ಸನ್‌ರೂಫ್ ಇದೆಯಾ ಅಂತ ಕೇಳ್ತೀವಿ. ಇನ್ನೊಂದು ಪ್ರಶ್ನೆ ಸೇರಿಸಿ: “ನಮ್ಮೂರ ಮೇಸ್ತ್ರಿ ಇದನ್ನ ರಿಪೇರಿ ಮಾಡಬಹುದಾ?” ಸೇಲ್ಸ್ ಹುಡುಗ ತಡವರಿಸಬಹುದು. ಪರವಾಗಿಲ್ಲ, ಉತ್ತರವನ್ನ ಬರಹದಲ್ಲಿ ಕೇಳಿ.