ಹಿಮ್ಮಡಿಯ ರಜ್ಜುವನ್ನು ಕಾಣಿಸುವ ಕೈಹದ

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಿ, ಕೃಷ್ಣರಾಜನಗರದ ಭತ್ತದ ಗದ್ದೆಗಳಲ್ಲಿ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ದಿನವಿಡೀ ದುಡಿಯುವವರ ಪ್ರತಿ ಹೆಜ್ಜೆಯ ಭಾರಕ್ಕೂ ಒಡ್ಡಿಕೊಳ್ಳುವುದು, ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಬಿಗಿದಿರುವ ಅಕಿಲಿಸ್ ಸ್ನಾಯುರಜ್ಜು. ದೇಹದ ಅತ್ಯಂತ ದಪ್ಪನೆಯ, ಬಲಿಷ್ಠ ರಜ್ಜುವಾದ ಇದನ್ನು ಚರ್ಮಕ್ಕೆ ಒಂದು ಗೀರೂ ಬೀಳದಂತೆ ಪರೀಕ್ಷಿಸುವ ಅಲ್ಟ್ರಾಸೌಂಡ್ ತಪಾಸಣೆಯು ವೈದ್ಯಕೀಯದ ಸೊಗಸಾದ ಕುಶಲಕಲೆಗಳಲ್ಲೊಂದು.

ರೋಗಿ ಬೋರಲಾಗಿ ಮಲಗಿ ಪಾದಗಳನ್ನು ಮಂಚದ ಅಂಚಿನಿಂದ ಇಳಿಬಿಟ್ಟಾಗ, ತಂಪಾದ ಜೆಲ್ ಸವರಿದ ಚರ್ಮದ ಮೇಲೆ ತಜ್ಞರು ಪ್ರೋಬನ್ನು, ಅಂದರೆ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನಾಂಕದ ಧ್ವನಿಯನ್ನು ಕಳುಹಿಸಿ ಪ್ರತಿಧ್ವನಿಯನ್ನು ಮರಳಿ ಪಡೆಯುವ ಸಾಧನವನ್ನು, ಉದ್ದಕ್ಕೂ ಅಡ್ಡಕ್ಕೂ ಸರಿಸುತ್ತಾರೆ. ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್ ದಪ್ಪವಿರುವ ಆರೋಗ್ಯವಂತ ರಜ್ಜು, ನೀಟಾಗಿ ಬಾಚಿದ ಕೂದಲಿನಂತೆ ಸಮಾನಾಂತರ ಬಿಳಿ ಎಳೆಗಳಾಗಿ ಪರದೆಯ ಮೇಲೆ ಮೂಡುತ್ತದೆ. ಧ್ವನಿಯ ಅಲೆ ಎಳೆಗಳಿಗೆ ಲಂಬವಾಗಿರದೆ ತುಸು ವಾಲಿದರೂ ಸ್ವಸ್ಥ ಭಾಗವೇ ಕಪ್ಪಾಗಿ ಕಂಡು ಗಾಯದ ಭ್ರಮೆ ಹುಟ್ಟಿಸುವುದರಿಂದ, ಮಣಿಕಟ್ಟಿನ ಸೂಕ್ಷ್ಮ ತಿರುವಿನಿಂದಲೇ ನಿಜವನ್ನು ಹುಸಿಯಿಂದ ಬೇರ್ಪಡಿಸುವ ಆ ಕೈಯ ಹದ ಮೆಚ್ಚತಕ್ಕದ್ದು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ವಿಧಾನದಲ್ಲಿ ಅದೇ ಕೈ ಇನ್ನಷ್ಟು ಹಗುರಾಗುತ್ತದೆ, ಏಕೆಂದರೆ ಕೊಂಚ ಒತ್ತಿದರೂ ನೋವಿರುವ ರಜ್ಜುವಿನೊಳಗೆ ಹೊಸದಾಗಿ ಹುಟ್ಟಿದ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಮರೆಯಾಗಬಲ್ಲವು.

ಎಲ್ಲಕ್ಕಿಂತ ಮಿಗಿಲಾದುದು ಚಲನೆಯಲ್ಲೇ ನೋಡುವ ಶಕ್ತಿ: ಮೀನಖಂಡವನ್ನು ಮೆಲ್ಲಗೆ ಹಿಂಡಿದಾಗ ರಜ್ಜು ಒಂದಾಗಿ ಜಾರುತ್ತದೆಯೋ, ನಡುವೆ ಬಿರುಕು ತೆರೆಯುತ್ತದೆಯೋ ಎಂಬುದು ಆ ಕ್ಷಣದಲ್ಲೇ ಗೋಚರಿಸಿ, ಪೂರ್ತಿ ಹರಿದುದನ್ನು ಭಾಗಶಃ ಹರಿದುದರಿಂದ ಬೇರೆಯಾಗಿ ಗುರುತಿಸಲು ನೆರವಾಗುತ್ತದೆ. ಕಾಲಿನ ಬಲವನ್ನೇ ನಂಬಿದ ದುಡಿಮೆಗಾರರಿಗೆ ಇಂತಹ ಕುಶಲತೆ ಒದಗುವುದು ವಿಜ್ಞಾನದ ಸಾರ್ಥಕ ಸೇವೆಯೇ ಸರಿ.