ಭಸ್ಮಾಸುರನ ಕುಣಿತವೂ ಕಗುಯಳ ಹಾಡೂ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಯಕ್ಷಗಾನದ ಆಟವನ್ನು ನೋಡಿ ಬಂದವರನ್ನು ಮರುದಿನ ವಿಚಾರಿಸಿದರೆ, ಕುಣಿತದ ಮಾತೇ ಮೊದಲು ಬರುವುದು. ಕಥೆ ಹೇಗೆ ನಡೆಯಿತೆಂಬುದು ಆಮೇಲೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇಡೀ ರಾತ್ರಿಯ ಆಟವು ಕಾಲಮಿತಿಗೆ ಒಳಪಟ್ಟು ಕೆಲವೇ ತಾಸುಗಳಿಗೆ ಇಳಿಯುತ್ತಿರುವಾಗ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂಬ ಪ್ರಶ್ನೆಯು ಮೇಳಗಳ ಮುಂದೆ ನಿಂತಿದೆ. ಕುಣಿತವು ಕಥೆಯ ಅಂಗವೋ, ಮೇಲೆ ತೊಡಿಸಿದ ಒಡವೆಯೋ ಎಂಬುದನ್ನು ನಿರ್ಣಯಿಸದೆ ಅದಕ್ಕೆ ಉತ್ತರ ಹೇಳುವಂತಿಲ್ಲ.

ಮೋಹಿನೀ-ಭಸ್ಮಾಸುರರ ಪ್ರಸಂಗವನ್ನು ತೆಗೆದುಕೊಳ್ಳೋಣ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಭಸ್ಮವಾಗುವ ವರವನ್ನು ಪಡೆದ ಅಸುರನನ್ನು ಆಯುಧದಿಂದ ಗೆಲ್ಲುವುದು ಆಗದು. ಮೋಹಿನಿಯು ಕುಣಿಯುವಳು, ಅವನು ಅನುಕರಿಸುವನು, ಕಡೆಗೆ ತನ್ನ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಳ್ಳುವನು. ಇಲ್ಲಿ ಕುಣಿತವೇ ಆಯುಧ, ಕುಣಿತವೇ ಘಟನೆ. ಅದನ್ನು ತೆಗೆದರೆ ಪ್ರಸಂಗವೇ ಇಲ್ಲ. ಈ ವೇಷದಿಂದ ಜನಮನವನ್ನು ಸೂರೆಗೊಂಡ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಹೊನ್ನಾವರ ಸೀಮೆಯವರೇ. ಅವರ ಭಸ್ಮಾಸುರನನ್ನು ಮೆಚ್ಚಿದವರೆಲ್ಲರೂ ಅದನ್ನು ಒಂದೇ ಕಾರಣಕ್ಕಾಗಿ ಮೆಚ್ಚಿದರೆಂದು ನಾವು ನಂಬೆವು. ಮಂಡಿಯ ಸುತ್ತುಗಳನ್ನು ಎಣಿಸುತ್ತ ಕುಳಿತವನು ಬೇರೆ, ಅಸುರನು ಮೋಹದಿಂದ ಶಿಷ್ಯನಾಗಿ ಕರಗುವುದನ್ನು ಕಂಡವನು ಬೇರೆ.

ಹೊರನಾಡಿನ ಒಂದು ಕೃತಿಯನ್ನು ಪಕ್ಕದಲ್ಲಿಟ್ಟರೆ ವಿಷಯವು ಇನ್ನಷ್ಟು ತಿಳಿಯಾಗುವುದು. ಯಕ್ಷಗಾನಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಹೋಲಿಕೆಗೆ ಅದೇ ಅನುಕೂಲ. ಜಪಾನಿನ ಇಸಾವೊ ತಕಹಾತರು ಬಿದಿರು ಕಡಿಯುವವನ ಪ್ರಾಚೀನ ಕಥೆಯನ್ನು ಆಧರಿಸಿ ನಿರ್ದೇಶಿಸಿದ, 2013ರಲ್ಲಿ ತೆರೆಕಂಡ ಅನಿಮೇಶನ್ ಚಿತ್ರದಲ್ಲಿ, ಬಿದಿರಿನಲ್ಲಿ ದೊರೆತ ಹುಡುಗಿ ಕಗುಯಳು ಹಳ್ಳಿಯ ಮಕ್ಕಳ ಹಾಡನ್ನು ಕೇಳಿದೊಡನೆ ಅದನ್ನು ತಾನೂ ಹಾಡುವಳು. ಅಷ್ಟಕ್ಕೇ ನಿಲ್ಲದೆ, ಮಕ್ಕಳಿಗೆ ತಿಳಿಯದ ಇನ್ನೊಂದು ಭಾಗವನ್ನೂ ಹಾಡಿ ಕಣ್ಣೀರಿಡುವಳು. ಅವಳು ಚಂದ್ರಲೋಕದವಳೆಂಬುದನ್ನು ಮಾತು ಹೇಳುವುದಕ್ಕೆ ಬಹಳ ಮುಂಚೆ ಹಾಡು ಹೇಳಿಬಿಟ್ಟಿತು. ಮುಂದೆ ಅರಮನೆಯವಳಾದ ಮೇಲೆ ಅರಳಿದ ಚೆರಿ ಮರದ ಕೆಳಗೆ ಅವಳು ಮೈಮರೆತು ಸುತ್ತುವಳು. ಆ ಸುತ್ತಿನಲ್ಲಿಯೇ ಒಂದು ಬಡಮಗುವು ಅವಳಿಗೆ ತಾಗಿ ಬೀಳುವುದು, ಮನೆಯವರು ನೆಲಕ್ಕೆ ಬಾಗಿ ಕ್ಷಮೆ ಬೇಡುವರು. ಅಲ್ಲಿಗೆ ಕುಣಿತವು ಮುಗಿಯಿತು. ಹೂವನ್ನು ನೋಡದೆಯೇ ಅವಳು ಹಿಂದಿರುಗುವಳು. ತಾನು ಯಾರಿಂದ ದೂರವಾದೆನೆಂಬ ಅರಿವು ಅವಳಿಗೂ ನಮಗೂ ಆದುದು ಕುಣಿತವು ಮುರಿದ ಕ್ಷಣದಲ್ಲಿ. ಆ ಸುತ್ತು ಇನ್ನೂ ಹತ್ತು ಬಾರಿ ನಡೆದಿದ್ದರೆ ಕಣ್ಣಿಗೆ ಸೊಗಸಾಗುತ್ತಿತ್ತೋ ಏನೋ, ಕಥೆಗೆ ಏನೂ ಸೇರುತ್ತಿರಲಿಲ್ಲ.

ಹಾಗಾದರೆ ಕಥೆಯನ್ನು ಮುಂದಕ್ಕೆ ಒಯ್ಯದ ಕುಣಿತವೆಲ್ಲ ವ್ಯರ್ಥವೇ? ಈ ಒರೆಗಲ್ಲಿಗೆ ನಮ್ಮ ಒಡ್ಡೋಲಗವು ಒಗ್ಗದು. ತೆರೆಯ ಮರೆಯಿಂದ ಸ್ವಲ್ಪ ಸ್ವಲ್ಪವಾಗಿ ಕಾಣಿಸಿಕೊಳ್ಳುವ ರಾಜವೇಷದಲ್ಲಿ ಯಾವ ಘಟನೆಯೂ ನಡೆಯುವುದಿಲ್ಲ. ಆದರೂ ಅದಿಲ್ಲದಿದ್ದರೆ ಆಮೇಲೆ ಮಾತನಾಡುವವನು ಅರಸನೆಂದು ಮನಸ್ಸು ಒಪ್ಪದು. ಆದುದರಿಂದ ಕಥೆಗೆ ಬೇಕಾದುದು ಒಂದು, ಪಾತ್ರಕ್ಕೆ ಬೇಕಾದುದು ಇನ್ನೊಂದು ಎಂದು ತಿದ್ದಿಕೊಳ್ಳಬೇಕಾಗುತ್ತದೆ. ಇವೆರಡಕ್ಕೂ ಸೇರದೆ ಚಪ್ಪಾಳೆಗಾಗಿ ಬೆಳೆದುದೇ ಮೂರನೆಯದು.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯಸಂಯೋಜನೆಯನ್ನು ಕಲಿತವರು. ಆದರೂ ಅವರ ಹೆಸರು ನಿಂತಿರುವುದು ಕುಣಿತದ ವೇಗಕ್ಕಾಗಿ ಅಲ್ಲ, ಭಾಗವತರ ಪದ್ಯದ ಭಾವವನ್ನು ಅಭಿನಯದಲ್ಲಿ ಬಿಡಿಸಿದುದಕ್ಕಾಗಿ. ಪದ್ಯವು ಕಿವಿಗೆ ಬಿದ್ದ ಮೇಲೆ ಮೈಗೆ ಇಳಿಯಲು ಅವಕಾಶ ಬೇಕು. ಇಂದು ಆಟವನ್ನು ಕಿರಿದು ಮಾಡುವವರು ಮೊದಲು ಕತ್ತರಿ ಹಾಕುವುದು ಎಷ್ಟೋ ವೇಳೆ ಆ ಅವಕಾಶಕ್ಕೆ. ಮಂಡಿಗಳ ಸಂಖ್ಯೆಯನ್ನು ಇಳಿಸಲಿ, ನಮ್ಮ ಆಕ್ಷೇಪವಿಲ್ಲ. ಭಸ್ಮಾಸುರನ ಕೈಯು ಮೋಹಿನಿಯ ಕೈಯನ್ನು ಹಿಂಬಾಲಿಸಿ ನೆತ್ತಿಯತ್ತ ಏರುವ ಆ ನಾಲ್ಕಾರು ಆವರ್ತಗಳನ್ನು ಮಾತ್ರ ಅವಸರಪಡಿಸದಿರಲಿ.